ಒಂಬತ್ತು ರಥಗಳ ಸಾರಥಿ

ಹದಿನೇಳು ಋತುಗಳು, ಒಂಬತ್ತು ತಂಡಗಳು, 223 ಟಚ್‌ಡೌನ್ ಎಸೆತಗಳು. ಆದರೂ ಪ್ರಶಸ್ತಿ ನಿರ್ಧರಿಸುವ ಪ್ಲೇಆಫ್ ಹಂತದ ಒಂದೇ ಒಂದು ಪಂದ್ಯವನ್ನೂ ಆಡುವ ಭಾಗ್ಯ ಒದಗಲಿಲ್ಲ. ಅಮೆರಿಕನ್ ಫುಟ್‌ಬಾಲ್ ಜಗತ್ತು ಮನಸಾರೆ ಪ್ರೀತಿಸಿದ ಸಂಚಾರಿ ಆಟಗಾರ ರಯಾನ್ ಫಿಟ್ಜ್‌ಪ್ಯಾಟ್ರಿಕ್ ಅವರ ವಿಸ್ಮಯಕರ ವೃತ್ತಿಜೀವನದ ಪೂರ್ಣ ಚಿತ್ರ ಇಲ್ಲಿದೆ.

2020ರ ಡಿಸೆಂಬರ್ 26ರ ರಾತ್ರಿ. ಲಾಸ್ ವೇಗಸ್‌ನ ಹೊಚ್ಚ ಹೊಸ ಅಲೀಜಿಯಂಟ್ ಕ್ರೀಡಾಂಗಣದಲ್ಲಿ ಕೋವಿಡ್ ನಿರ್ಬಂಧದಿಂದಾಗಿ ಪ್ರೇಕ್ಷಕರೇ ಇಲ್ಲ. ಮಯಾಮಿ ಡಾಲ್ಫಿನ್ಸ್ 23, ಲಾಸ್ ವೇಗಸ್ ರೇಡರ್ಸ್ 25. ಪಂದ್ಯ ಮುಗಿಯಲು ಉಳಿದಿರುವುದು ಕೇವಲ 19 ಸೆಕೆಂಡು. ಮಯಾಮಿಯ ಪರ ಚೆಂಡು ಹಿಡಿದು ನಿಂತವರು 38 ವರ್ಷದ, ದಟ್ಟ ಗಡ್ಡದ ರಯಾನ್ ಫಿಟ್ಜ್‌ಪ್ಯಾಟ್ರಿಕ್. ಆ ದಿನ ಪಂದ್ಯ ಆರಂಭಿಸಿದವರು ಅವರಲ್ಲ. ತಂಡದ ಭವಿಷ್ಯವೆಂದು ಭಾವಿಸಲಾಗಿದ್ದ ಯುವಕ ಟುವಾ ಟಗೊವೈಲೊವಾ ಅವರ ಆಟ ಕುಂದಿದಾಗ, ಕೊನೆಯ ಕಾಲು ಭಾಗದಲ್ಲಿ ಅನುಭವಿಗೆ ಕರೆ ಬಂದಿತ್ತು.

ಫಿಟ್ಜ್‌ಪ್ಯಾಟ್ರಿಕ್ ಎಸೆಯಲು ಕೈ ಎತ್ತಿದ ಕ್ಷಣದಲ್ಲೇ ಎದುರಾಳಿ ಆರ್ಡೆನ್ ಕೀ ಇವರ ಶಿರಸ್ತ್ರಾಣದ ಮುಖಜಾಲರಿಯನ್ನು ಹಿಡಿದು ತಲೆಯನ್ನೇ ಪಕ್ಕಕ್ಕೆ ತಿರುಚಿಬಿಟ್ಟರು. ಗುರಿ ಕಣ್ಣಿಗೆ ಕಾಣುವಂತಿರಲಿಲ್ಲ. ಆದರೂ ಚೆಂಡು ಕೈಬಿಟ್ಟಿತು, ಗಾಳಿಯಲ್ಲಿ ಸಾಗಿತು, 34 ಗಜ ಮುಂದೆ ಮ್ಯಾಕ್ ಹಾಲಿನ್ಸ್ ಅವರ ಕೈಗೆ ಸೇರಿತು. ಎದುರಾಳಿಯ ತಪ್ಪಿಗೆ ದಂಡವಾಗಿ ಇನ್ನೂ 15 ಗಜ ಲಭಿಸಿತು. ಜೇಸನ್ ಸ್ಯಾಂಡರ್ಸ್ 44 ಗಜದಿಂದ ಒದ್ದ ಚೆಂಡು ಕಂಬಗಳ ನಡುವೆ ಹಾದಾಗ ಮಯಾಮಿ 26-25ರಿಂದ ಗೆದ್ದಿತು.

ಇಂಥ ಅದ್ಭುತವನ್ನು ಮಾಡಿದ ವ್ಯಕ್ತಿ ಆ ತಂಡದ ಶಾಶ್ವತ ನಾಯಕನಾಗಿರಲಿಲ್ಲ ಎಂಬುದೇ ಈ ಕಥೆಯ ತಿರುಳು. ಮಯಾಮಿ ಅವರ ಎಂಟನೆಯ ತಂಡ. ಮುಂದಿನ ವರ್ಷ ಒಂಬತ್ತನೆಯದು ಕಾದಿತ್ತು. ನ್ಯಾಷನಲ್ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್‌ನ ಇತಿಹಾಸದಲ್ಲಿ ಒಂಬತ್ತು ಬೇರೆ ಬೇರೆ ತಂಡಗಳ ಪರ ಕ್ವಾರ್ಟರ್‌ಬ್ಯಾಕ್ ಆಗಿ ಪಂದ್ಯ ಆರಂಭಿಸಿದ ಮೊದಲಿಗರು ಅವರು. ಎಂಟು ತಂಡಗಳ ಪರ ಟಚ್‌ಡೌನ್ ಎಸೆದ ಮೊದಲಿಗರೂ ಅವರೇ. ಪ್ರಶಸ್ತಿ ವಿಜೇತರ ಪಟ್ಟಿಯಲ್ಲಿ ಅವರ ಹೆಸರನ್ನು ಹುಡುಕುವುದು ವ್ಯರ್ಥ. ಆದರೆ ಈ ಬೃಹತ್ ಕ್ರೀಡಾವ್ಯವಸ್ಥೆ ಯಾರ ಹೆಗಲ ಮೇಲೆ ನಡೆಯುತ್ತದೆ ಎಂಬುದನ್ನು ಅರಿಯಬೇಕಾದವರು ಅವರ ಪಯಣವನ್ನು ತಿಳಿಯಲೇಬೇಕು.

ಸಾರಥಿಯ ಕಾರ್ಯಭಾರ

ಅಮೆರಿಕನ್ ಫುಟ್‌ಬಾಲ್ ಹೊರನೋಟಕ್ಕೆ ಬಲಾಢ್ಯರ ಘರ್ಷಣೆ. ಒಳಗೆ ಅದು ಗಣಿತದಷ್ಟು ಸೂಕ್ಷ್ಮವಾದ ಯೋಜನೆ. ಎರಡೂ ಕಡೆ ಹನ್ನೊಂದು ಮಂದಿ. ನಡುವೆ 100 ಗಜ ಉದ್ದದ ಅಂಗಣ. ಚೆಂಡು ಹೊಂದಿದ ತಂಡಕ್ಕೆ 10 ಗಜ ಮುನ್ನಡೆಯಲು ನಾಲ್ಕು ಅವಕಾಶಗಳು. ಸಾಧಿಸಿದರೆ ಮತ್ತೆ ನಾಲ್ಕು. ಅಂಗಣದ ತುದಿಯನ್ನು ದಾಟಿ ಚೆಂಡನ್ನು ಒಯ್ದರೆ ಟಚ್‌ಡೌನ್, ಆರು ಅಂಕ. ಕಂಬಗಳ ನಡುವೆ ಒದ್ದು ಸೇರಿಸಿದರೆ ಮೂರು.

ಈ ಇಡೀ ವ್ಯೂಹದ ಸಾರಥಿಯೇ ಕ್ವಾರ್ಟರ್‌ಬ್ಯಾಕ್. ಪ್ರತಿ ಆಟಕ್ಕೂ ಮುನ್ನ ತರಬೇತುದಾರರ ಆದೇಶ ಅವರ ಶಿರಸ್ತ್ರಾಣದೊಳಗಿನ ಪುಟ್ಟ ಧ್ವನಿವರ್ಧಕದಲ್ಲಿ ಕೇಳಿಸುತ್ತದೆ. 40 ಸೆಕೆಂಡುಗಳ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ಸಂಪರ್ಕ ತಾನಾಗಿಯೇ ಕಡಿದುಹೋಗುತ್ತದೆ. ಆಮೇಲಿನದೆಲ್ಲ ಅವರೊಬ್ಬರ ಹೊಣೆ. ಎದುರಿನ ಹನ್ನೊಂದು ಮಂದಿಯ ನಿಲುವನ್ನು ಓದಬೇಕು, ಅಗತ್ಯವಿದ್ದರೆ ಯೋಜನೆಯನ್ನೇ ಬದಲಿಸಬೇಕು. ಚೆಂಡು ಕೈಗೆ ಬಂದ ಮೇಲೆ ಮೂರು ಸೆಕೆಂಡು ಸಿಕ್ಕರೆ ಅದೇ ದೊಡ್ಡದು. ನೂರಾರು ಆಟಗಳು, ಪ್ರತಿಯೊಂದಕ್ಕೂ ಸಂಕೇತನಾಮ, ಪ್ರತಿಯೊಂದರಲ್ಲೂ ಐವರು ಸಹಆಟಗಾರರ ಓಟದ ದಾರಿ, ಇಷ್ಟೂ ಕಂಠಸ್ಥವಾಗಿರಬೇಕು.

ಒಂದೇ ತಂಡದಲ್ಲಿ ಹದಿನೈದು ವರ್ಷ ಬೇರೂರಿದವರಿಗೆ ಈ ಭಾಷೆ ಮಾತೃಭಾಷೆಯಾಗಿಬಿಡುತ್ತದೆ. ತಂಡ ಬದಲಿಸುವವರಿಗೆ ಹಾಗಲ್ಲ. ಅದೇ ಆಟಕ್ಕೆ ಬೇರೊಂದು ಹೆಸರು, ಅದೇ ಸಂಕೇತಕ್ಕೆ ಬೇರೊಂದು ಅರ್ಥ. ಹಿಂದಿನದನ್ನು ಮರೆಯಬೇಕು, ಹೊಸದನ್ನು ವಾರಗಳಲ್ಲೇ ಕಲಿಯಬೇಕು, ಅಪರಿಚಿತರ ವಿಶ್ವಾಸವನ್ನು ದಿನಗಳಲ್ಲೇ ಗಳಿಸಬೇಕು. ಸಂಚಾರಿ ಆಟಗಾರನ ನಿಜವಾದ ವಿದ್ಯೆ ಇದೇ. ತೋಳಿನ ಬಲವನ್ನು ಅಳೆಯಲು ಸಾಧನಗಳಿವೆ. ಈ ಬಲವನ್ನು ಅಳೆಯುವ ಸಾಧನ ಇನ್ನೂ ಬಂದಿಲ್ಲ.

ಬಂಧನದಿಂದ ಸಂಚಾರಕ್ಕೆ

ಎನ್‌ಎಫ್‌ಎಲ್‌ನಲ್ಲಿ ಆಟಗಾರರು ಹೀಗೆ ಊರಿಂದೂರಿಗೆ ಸಾಗುವುದು ಸದಾ ಸುಲಭವಾಗಿರಲಿಲ್ಲ. 1936ರಲ್ಲಿ ಡ್ರಾಫ್ಟ್ ಪದ್ಧತಿ ಆರಂಭವಾಯಿತು. ಕಾಲೇಜಿನಿಂದ ಹೊರಬರುವ ಆಟಗಾರರನ್ನು ತಂಡಗಳು ಸರದಿಯಂತೆ ಆಯ್ದುಕೊಳ್ಳುವ ಆ ವ್ಯವಸ್ಥೆಯಲ್ಲಿ, ತನ್ನ ತಂಡವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಆಟಗಾರನಿಗಿರಲಿಲ್ಲ. ಒಪ್ಪಂದ ಮುಗಿದ ಮೇಲೂ ಬಿಡುಗಡೆ ದುರ್ಲಭವಾಗಿತ್ತು. ಲೀಗ್‌ನ ಆಯುಕ್ತ ಪೀಟ್ ರೊಜೆಲ್ ಅವರ ಹೆಸರಿನಲ್ಲೇ ಪ್ರಸಿದ್ಧವಾದ ನಿಯಮದಂತೆ, ಬೇರೆ ತಂಡದ ಆಟಗಾರನನ್ನು ಸೇರಿಸಿಕೊಂಡವರು ಹಳೆಯ ತಂಡಕ್ಕೆ ಪರಿಹಾರ ತೆರಬೇಕಿತ್ತು. ಆ ಪರಿಹಾರವೇನೆಂದು ನಿರ್ಧರಿಸುವ ಅಧಿಕಾರ ಆಯುಕ್ತರದೇ ಆಗಿದ್ದರಿಂದ ತಂಡಗಳು ಸಾಮಾನ್ಯವಾಗಿ ಧೈರ್ಯ ಮಾಡುತ್ತಿರಲಿಲ್ಲ.

ಆ ಯುಗದಲ್ಲೂ ಅಲೆದವರಿದ್ದರು. ಅವರಲ್ಲಿ ಅಗ್ರಗಣ್ಯರು ಅರ್ಲ್ ಮೊರಾಲ್. 1956ರಿಂದ 1976ರವರೆಗೆ 21 ಋತುಗಳಲ್ಲಿ ಅವರು ಆರು ತಂಡಗಳಿಗೆ ಆಡಿದರು. 1968ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್‌ನ ಮಹಾನ್ ಕ್ವಾರ್ಟರ್‌ಬ್ಯಾಕ್ ಜಾನಿ ಯುನೈಟಸ್ ಗಾಯಗೊಂಡಾಗ ಮೊರಾಲ್ ಆ ಸ್ಥಾನಕ್ಕೆ ಬಂದರು. ತಂಡ ಲೀಗ್ ಹಂತದ 14 ಪಂದ್ಯಗಳಲ್ಲಿ 13 ಗೆದ್ದಿತು, ವರ್ಷದ ಶ್ರೇಷ್ಠ ಆಟಗಾರನ ಗೌರವ ಅವರಿಗೆ ಒಲಿಯಿತು. 1972ರಲ್ಲಿ ಮಯಾಮಿಯ ಬಾಬ್ ಗ್ರೀಸ್ ಐದನೆಯ ಪಂದ್ಯದಲ್ಲಿ ಕಾಲು ಮುರಿದುಕೊಂಡಾಗ 38 ವರ್ಷದ ಮೊರಾಲ್ ಮತ್ತೆ ಎದ್ದು ನಿಂತರು. ಲೀಗ್ ಹಂತದ ಉಳಿದ ಒಂಬತ್ತೂ ಪಂದ್ಯಗಳನ್ನು ಅವರ ನೇತೃತ್ವದಲ್ಲೇ ತಂಡ ಗೆದ್ದಿತು. ಕೊನೆಗೆ ಅಂತಿಮ ಹಣಾಹಣಿಯಾದ ಸೂಪರ್ ಬೌಲ್ ಸೇರಿ 17ಕ್ಕೆ 17 ಪಂದ್ಯ ಗೆದ್ದ ಆ ಮಯಾಮಿಯ ದಾಖಲೆಯನ್ನು ಇಂದಿಗೂ ಯಾವ ತಂಡವೂ ಸರಿಗಟ್ಟಿಲ್ಲ. ಎನ್‌ಎಫ್‌ಎಲ್‌ನ ಏಕೈಕ ಪರಿಪೂರ್ಣ ಋತುವಿನ ಅರ್ಧಕ್ಕೂ ಹೆಚ್ಚು ಭಾರ ಹೊತ್ತವರು ಒಬ್ಬ ಸಂಚಾರಿ ಆಟಗಾರ!

ಬಂಧನ ಸಡಿಲವಾದದ್ದು ನ್ಯಾಯಾಲಯದಲ್ಲಿ. ಆಟಗಾರ ಜಾನ್ ಮ್ಯಾಕಿ ಹೂಡಿದ ಮೊಕದ್ದಮೆಯಲ್ಲಿ 1976ರಲ್ಲಿ ರೊಜೆಲ್ ನಿಯಮಕ್ಕೆ ಪೆಟ್ಟು ಬಿತ್ತು. 1992ರಲ್ಲಿ ಫ್ರೀಮನ್ ಮೆಕ್‌ನೀಲ್ ಮತ್ತು ಸಂಗಡಿಗರ ಮೊಕದ್ದಮೆಯಲ್ಲಿ ತೀರ್ಪು ಆಟಗಾರರ ಪರವಾಯಿತು. 1993ರಲ್ಲಿ ಒಪ್ಪಂದ ಮುಗಿದ ಆಟಗಾರ ತನಗೆ ಬೇಕಾದ ತಂಡ ಸೇರುವ ಹಕ್ಕು ನೆಲೆಗೊಂಡಿತು. ಮರುವರ್ಷ ಪ್ರತಿ ತಂಡದ ವೇತನವೆಚ್ಚಕ್ಕೆ ಮಿತಿ ಹೇರಲಾಯಿತು. 1994ರಲ್ಲಿ 3.46 ಕೋಟಿ ಡಾಲರ್ ಇದ್ದ ಆ ಮಿತಿ 2025ರಲ್ಲಿ 27.92 ಕೋಟಿ ಡಾಲರ್ ತಲುಪಿತ್ತು.

ಈ ಎರಡು ನಿಯಮಗಳು ಸೇರಿ ಹೊಸ ಬಗೆಯ ಆಟಗಾರನನ್ನು ರೂಪಿಸಿದವು. ತಾರೆಗಳಿಗೆ ಅಪಾರ ಹಣ ತೆತ್ತ ತಂಡಕ್ಕೆ, ಕಡಿಮೆ ವೇತನದಲ್ಲಿ ನಂಬಿಕೆಗೆ ಅರ್ಹನಾದ ಅನುಭವಿಯೊಬ್ಬ ಬೇಕಾಯಿತು. ಯುವ ಪ್ರತಿಭೆ ಪಕ್ವವಾಗುವವರೆಗೆ ರಥ ನಡೆಸಬಲ್ಲ, ತಾರೆ ಗಾಯಗೊಂಡ ದಿನ ಮುಂದೆ ಬರಬಲ್ಲ, ಕರೆ ಬಾರದಿದ್ದರೆ ಮೌನವಾಗಿ ಅಭ್ಯಾಸ ಮುಂದುವರಿಸಬಲ್ಲ ವ್ಯಕ್ತಿ. ಆ ಪಾತ್ರಕ್ಕೆ ಫಿಟ್ಜ್‌ಪ್ಯಾಟ್ರಿಕ್ ತಂದ ಘನತೆ ಅನನ್ಯ.

ಹಾರ್ವರ್ಡ್‌ನ ಅಂಗಳದಿಂದ

1982ರ ನವೆಂಬರ್ 24ರಂದು ಜನಿಸಿದ ಅವರು ಬೆಳೆದದ್ದು ಅರಿಜೋನಾ ರಾಜ್ಯದ ಗಿಲ್ಬರ್ಟ್‌ನಲ್ಲಿ. ಫುಟ್‌ಬಾಲ್‌ನಲ್ಲಿ ಹೆಸರು ಮಾಡಿದ ದೊಡ್ಡ ವಿಶ್ವವಿದ್ಯಾಲಯಗಳ ಬದಲು ಅವರು ಸೇರಿದ್ದು ಜ್ಞಾನಪರಂಪರೆಗೆ ಹೆಸರಾದ ಹಾರ್ವರ್ಡ್. ಅದು ಸದಸ್ಯತ್ವ ಹೊಂದಿರುವ ಐವಿ ಲೀಗ್‌ನಲ್ಲಿ ಕ್ರೀಡೆಗಾಗಿ ವಿದ್ಯಾರ್ಥಿವೇತನ ನೀಡುವ ಪದ್ಧತಿಯೇ ಇಲ್ಲ. ಅರ್ಥಶಾಸ್ತ್ರದ ಅಧ್ಯಯನದ ಜೊತೆಜೊತೆಗೇ ಆಟ ಸಾಗಬೇಕು. 2004ರಲ್ಲಿ ಅವರ ನೇತೃತ್ವದಲ್ಲಿ ಹಾರ್ವರ್ಡ್ ಹತ್ತಕ್ಕೆ ಹತ್ತು ಪಂದ್ಯ ಗೆದ್ದು ಐವಿ ಲೀಗ್ ಕಿರೀಟ ಧರಿಸಿತು. ಲೀಗ್‌ನ ವರ್ಷದ ಆಟಗಾರನೆಂಬ ಮನ್ನಣೆ ಅವರದಾಯಿತು.

ವೃತ್ತಿಪರ ತಂಡಗಳು ಡ್ರಾಫ್ಟ್‌ಗೆ ಮುನ್ನ ಆಟಗಾರರಿಗೆ ವಂಡರ್ಲಿಕ್ ಎಂಬ ಬುದ್ಧಿಪರೀಕ್ಷೆ ಒಡ್ಡುತ್ತಿದ್ದವು. 12 ನಿಮಿಷದಲ್ಲಿ 50 ಪ್ರಶ್ನೆಗಳು. ಫಿಟ್ಜ್‌ಪ್ಯಾಟ್ರಿಕ್ ಸುಮಾರು ಒಂಬತ್ತು ನಿಮಿಷದಲ್ಲಿ ಮುಗಿಸಿ 48 ಅಂಕ ಪಡೆದರೆಂದು ವರದಿಯಾಯಿತು. ಕ್ವಾರ್ಟರ್‌ಬ್ಯಾಕ್‌ಗಳ ಪೈಕಿ ಇದು ಅತ್ಯುನ್ನತ ಅಂಕಗಳಲ್ಲೊಂದು. ಆದರೂ 2005ರ ಡ್ರಾಫ್ಟ್‌ನಲ್ಲಿ ಆಯ್ಕೆಯಾದ 255 ಮಂದಿಯಲ್ಲಿ ಅವರ ಸ್ಥಾನ 250. ಏಳನೆಯ, ಕೊನೆಯ ಸುತ್ತಿನಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ಅವರನ್ನು ಕರೆದುಕೊಂಡಿತು. ಅಷ್ಟು ಕೆಳಗಿನ ಸ್ಥಾನದವರಲ್ಲಿ ಅನೇಕರು ಮೊದಲ ಪಂದ್ಯಕ್ಕೂ ಮುನ್ನ ಮನೆಗೆ ಮರಳುತ್ತಾರೆ.

ಅವರು ಮರಳಲಿಲ್ಲ. 2005ರ ನವೆಂಬರ್ 27ರಂದು ಹ್ಯೂಸ್ಟನ್‌ನಲ್ಲಿ ಟೆಕ್ಸನ್ಸ್ ವಿರುದ್ಧದ ಪಂದ್ಯ. ಮೊದಲ ಆಯ್ಕೆಯ ಮಾರ್ಕ್ ಬಲ್ಜರ್ ಗಾಯಾಳು; ಎರಡನೆಯವರಾದ ಜೇಮಿ ಮಾರ್ಟಿನ್ ಕೂಡ ಪಂದ್ಯದ ನಡುವೆ ಗಾಯಗೊಂಡರು. ಮೂರನೆಯ ಕ್ವಾರ್ಟರ್‌ಬ್ಯಾಕ್ ಆಗಿದ್ದ ಫಿಟ್ಜ್‌ಪ್ಯಾಟ್ರಿಕ್ ಮೊದಲ ಬಾರಿಗೆ ಎನ್‌ಎಫ್‌ಎಲ್ ಅಂಗಣಕ್ಕೆ ಕಾಲಿಟ್ಟರು. ವಿರಾಮದ ವೇಳೆಗೆ ತಂಡ 3-24ರಿಂದ ಹಿಂದಿತ್ತು. ಪಂದ್ಯ ಮುಗಿಯುವಷ್ಟರಲ್ಲಿ ಈ ಹೊಸಬ 310 ಗಜ, ಮೂರು ಟಚ್‌ಡೌನ್ ಎಸೆದಿದ್ದರು. ಹೆಚ್ಚುವರಿ ಅವಧಿಯಲ್ಲಿ ಕೆವಿನ್ ಕರ್ಟಿಸ್‌ಗೆ ನೀಡಿದ ಎಸೆತ 56 ಗಜದ ಟಚ್‌ಡೌನ್ ಆಗಿ ರ‍್ಯಾಮ್ಸ್ 33-27ರಿಂದ ಗೆದ್ದಿತು. ಹೀಗೆ, ಮೊದಲ ದಿನದಿಂದಲೂ ಅವರ ಪಾತ್ರ ನಿಶ್ಚಿತವಾಗಿತ್ತು: ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ ಬಂದು, ಯಾರೂ ನಿರೀಕ್ಷಿಸದ್ದನ್ನು ಮಾಡುವುದು.

ಬಫಲೊ ನಗರದ ಮಮತೆ

2007ರಲ್ಲಿ ಸಿನ್ಸಿನಾಟಿ ಬೆಂಗಲ್ಸ್ ಅವರನ್ನು ಪಡೆದುಕೊಂಡಿತು. ಮರುವರ್ಷ ತಾರೆ ಕಾರ್ಸನ್ ಪಾಮರ್ ಗಾಯಗೊಂಡಾಗ 12 ಪಂದ್ಯಗಳನ್ನು ಆರಂಭಿಸುವ ಅವಕಾಶ ದೊರೆಯಿತು. ಆದರೆ ಅವರ ವೃತ್ತಿಜೀವನದ ಹೃದಯಸ್ಥಾನ ಬಫಲೊ. 2009ರಿಂದ 2012ರವರೆಗೆ ನಾಲ್ಕು ಋತುಗಳು, ಒಂಬತ್ತರಲ್ಲೇ ದೀರ್ಘವಾದ ವಾಸ.

ಹಿಮ, ಚಳಿ, ಸಾಲುಸಾಲು ಸೋಲುಗಳಲ್ಲೂ ತಂಡವನ್ನು ಬಿಡದ ಅಭಿಮಾನಿಗಳ ಊರು ಅದು. 2011ರ ಸೆಪ್ಟೆಂಬರ್ 25ರಂದು ಟಾಮ್ ಬ್ರೇಡಿ ನೇತೃತ್ವದ ನ್ಯೂ ಇಂಗ್ಲೆಂಡ್ ಪೇಟ್ರಿಯಾಟ್ಸ್ ಅಲ್ಲಿಗೆ ಬಂದಾಗ, ಆ ಎದುರಾಳಿಯೆದುರು ಬಫಲೊ ಸತತ 15 ಪಂದ್ಯ ಸೋತಿತ್ತು. ಆ ದಿನವೂ 0-21ರ ಹಿನ್ನಡೆ. ಬಫಲೊದ ರಕ್ಷಣಾಪಡೆ ಬ್ರೇಡಿಯವರ ನಾಲ್ಕು ಎಸೆತಗಳನ್ನು ಕಸಿದುಕೊಂಡಿತು. ಫಿಟ್ಜ್‌ಪ್ಯಾಟ್ರಿಕ್ ಒಂದೊಂದೇ ಹೆಜ್ಜೆ ಮುಂದಿಟ್ಟರು. ಕೊನೆಯ ಕ್ಷಣದಲ್ಲಿ ರಿಯಾನ್ ಲಿಂಡೆಲ್ ಒದ್ದ ಚೆಂಡಿನಿಂದ 34-31ರ ಜಯ. ಡ್ರಾಫ್ಟ್‌ನ ಲೆಕ್ಕ ನೋಡಿದರೆ, 199ನೆಯವರಾಗಿ ಆಯ್ಕೆಯಾಗಿ ಚಕ್ರವರ್ತಿಯಾದವರನ್ನು 250ನೆಯವರು ಅಂದು ಮಣಿಸಿದ್ದರು.

ಆ ಹರ್ಷದಲ್ಲೇ ಅಕ್ಟೋಬರ್‌ನಲ್ಲಿ ಆರು ವರ್ಷಗಳ, 5.9 ಕೋಟಿ ಡಾಲರ್ ಮೌಲ್ಯದ ಒಪ್ಪಂದಕ್ಕೆ ಸಹಿ ಬಿತ್ತು. ಕೊನೆಗೂ ನೆಲೆ ಸಿಕ್ಕಿತೆಂದು ಎಲ್ಲರೂ ಭಾವಿಸಿದರು. ಆದರೆ ಐದು ಗೆಲುವು, ಎರಡು ಸೋಲಿನಿಂದ ಆರಂಭವಾದ ಋತು ಆರು ಗೆಲುವು, ಹತ್ತು ಸೋಲಿನಲ್ಲಿ ಮುಗಿಯಿತು. ಆ ವರ್ಷ ಅವರ 24 ಎಸೆತಗಳು ಟಚ್‌ಡೌನ್ ಆದರೆ 23 ಎದುರಾಳಿಗಳ ಕೈಸೇರಿದವು, ಲೀಗ್‌ನಲ್ಲೇ ಅತ್ಯಧಿಕ. ಎನ್‌ಎಫ್‌ಎಲ್ ಒಪ್ಪಂದಗಳ ಮೊತ್ತದಲ್ಲಿ ಬಹುಪಾಲು ಖಾತ್ರಿಯಾದದ್ದಲ್ಲ. ತಂಡ ಬಯಸಿದಾಗ ಬಿಡುಗಡೆ ಮಾಡಬಹುದು. 2013ರ ಮಾರ್ಚ್‌ನಲ್ಲಿ, ಆರು ವರ್ಷದ ಒಪ್ಪಂದದ ಎರಡು ವರ್ಷವೂ ತುಂಬುವ ಮುನ್ನ, ಬಫಲೊ ಅವರನ್ನು ಕೈಬಿಟ್ಟಿತು. ತಂಡ ಬಿಟ್ಟಿತು, ಊರು ಬಿಡಲಿಲ್ಲ; ಆ ಮಮತೆಯ ಸಾಕ್ಷ್ಯ ವರ್ಷಗಳ ನಂತರ ದೊರೆಯಲಿತ್ತು.

ಏರಿಳಿತದ ಮಹಾಯಾನ

ಆಮೇಲಿನ ವರ್ಷಗಳು ವೇಗವಾಗಿ ಉರುಳಿದವು. 2013ರಲ್ಲಿ ಟೆನೆಸಿ ಟೈಟನ್ಸ್, 2014ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್. ಹ್ಯೂಸ್ಟನ್‌ನಲ್ಲಿ ನಡುವೆ ಸ್ಥಾನ ಕಳೆದುಕೊಂಡು, ಬದಲಿಗೆ ಬಂದ ರಯಾನ್ ಮ್ಯಾಲೆಟ್ ಗಾಯಗೊಂಡಾಗ ಮತ್ತೆ ಪಡೆದುಕೊಂಡರು. ನವೆಂಬರ್ 30ರಂದು ಎದುರಿಗೆ ಬಂದದ್ದು ಹಿಂದಿನ ವರ್ಷ ತಾವೇ ಆಡಿದ್ದ ಟೆನೆಸಿ. ಅಂದು ಆರು ಟಚ್‌ಡೌನ್ ಎಸೆದು ಟೆಕ್ಸನ್ಸ್ ಇತಿಹಾಸದಲ್ಲಿ ಹೊಸ ದಾಖಲೆ ಬರೆದರು. ತಂಡ 45-21ರಿಂದ ಗೆದ್ದಿತು. ಪಂದ್ಯಾನಂತರದ ಪತ್ರಿಕಾಗೋಷ್ಠಿಗೆ ಅವರ ಏಳು ವರ್ಷದ ಮಗನೂ ಬಂದಿದ್ದ. 93ನ್ನು 97ರಿಂದ ಗುಣಿಸಿದರೆಷ್ಟೆಂದು ತಂದೆ ಕೇಳಿದಾಗ ಬಾಲಕ ಮನಸ್ಸಿನಲ್ಲೇ ಲೆಕ್ಕಹಾಕಿ 9021 ಎಂದುಬಿಟ್ಟ. ದಾಖಲೆಯ ದಿನ ಮಗನ ಗಣಿತವನ್ನು ಜಗತ್ತಿಗೆ ತೋರಿದ ಆ ತಂದೆಯ ಸಂಭ್ರಮವನ್ನು ಅಮೆರಿಕ ಅಕ್ಕರೆಯಿಂದ ನೋಡಿತು.

2015ರಲ್ಲಿ ನ್ಯೂಯಾರ್ಕ್ ಜೆಟ್ಸ್. ಅಲ್ಲಿಗೆ ಅವರು ಹೋದದ್ದು ಮೀಸಲು ಆಟಗಾರರಾಗಿ. ಆಗಸ್ಟ್‌ನಲ್ಲಿ ಡ್ರೆಸ್ಸಿಂಗ್ ಕೊಠಡಿಯ ಜಗಳವೊಂದರಲ್ಲಿ ಸಹಆಟಗಾರನ ಹೊಡೆತಕ್ಕೆ ಜೀನೊ ಸ್ಮಿತ್ ಅವರ ದವಡೆ ಮುರಿಯಿತು, ಸಾರಥ್ಯ ಫಿಟ್ಜ್‌ಪ್ಯಾಟ್ರಿಕ್ ಅವರ ಪಾಲಾಯಿತು. ಬಫಲೊದಲ್ಲಿ ತಮ್ಮ ಗುರುವಾಗಿದ್ದ ಚಾನ್ ಗೇಲಿ ಈಗ ಜೆಟ್ಸ್‌ನ ಆಕ್ರಮಣ ವಿಭಾಗದ ಹೊಣೆ ಹೊತ್ತಿದ್ದರಿಂದ ಆಟದ ಭಾಷೆ ಪರಿಚಿತವೇ ಆಗಿತ್ತು. ಬ್ರಾಂಡನ್ ಮಾರ್ಷಲ್ 14, ಎರಿಕ್ ಡೆಕರ್ 12 ಟಚ್‌ಡೌನ್‌ಗಳನ್ನು ಹಿಡಿದರು. ಋತು ಮುಗಿದಾಗ ಫಿಟ್ಜ್‌ಪ್ಯಾಟ್ರಿಕ್ 3,905 ಗಜ, 31 ಟಚ್‌ಡೌನ್ ಎಸೆದಿದ್ದರು. ಜೆಟ್ಸ್‌ನ ಹಳೆಯ ದಾಖಲೆ 29. ಅದನ್ನು ಬರೆದಿದ್ದ ವಿನ್ನಿ ಟೆಸ್ಟವರ್ಡಿ ಏಳು ತಂಡಗಳಿಗೆ ಆಡಿದ ಇನ್ನೊಬ್ಬ ಸಂಚಾರಿ.

ವಿಧಿಯ ವಿಚಿತ್ರ ಆಟವೂ ಅದೇ ಋತುವಿನಲ್ಲಿ ನಡೆಯಿತು. 2016ರ ಜನವರಿ 3ರ ಕೊನೆಯ ಪಂದ್ಯ ಗೆದ್ದಿದ್ದರೆ ಪ್ಲೇಆಫ್ ಬಾಗಿಲು ತೆರೆಯುತ್ತಿತ್ತು. ಪಂದ್ಯ ಬಫಲೊದಲ್ಲಿ; ಎದುರು ಪಾಳಯದ ತರಬೇತುದಾರ ಜೆಟ್ಸ್ ಹಿಂದಿನ ವರ್ಷವಷ್ಟೇ ಕೈಬಿಟ್ಟಿದ್ದ ರೆಕ್ಸ್ ರಯಾನ್. ಕೊನೆಯ ಕಾಲು ಭಾಗದಲ್ಲಿ ಫಿಟ್ಜ್‌ಪ್ಯಾಟ್ರಿಕ್ ಅವರ ಮೂರು ಎಸೆತಗಳು ಎದುರಾಳಿಗಳ ವಶವಾಗಿ ಜೆಟ್ಸ್ 17-22ರಿಂದ ಸೋತಿತು. ಹತ್ತು ಗೆಲುವು ಕಂಡೂ ಪ್ಲೇಆಫ್ ತಪ್ಪಿತು. ಮುಂದಿನ ಋತುವಿನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಒಂದೇ ಪಂದ್ಯದಲ್ಲಿ ಆರು ಎಸೆತಗಳು ಎದುರಾಳಿಗಳ ಕೈಸೇರಿದ ಕಹಿಯೂ ಎದುರಾಯಿತು.

ಅಂಥ ದಿನದ ನಂತರ ಅನೇಕರ ವೃತ್ತಿಜೀವನ ಮುಗಿಯುತ್ತದೆ. ಅವರ ಅತ್ಯುಜ್ವಲ ಮಾಸ ಇನ್ನೂ ಬರಬೇಕಿತ್ತು. 2018ರಲ್ಲಿ, ಆಗ ಅವರಿದ್ದ ಟ್ಯಾಂಪಾ ಬೇ ಬಕನೀರ್ಸ್‌ನ ಮೊದಲ ಆಯ್ಕೆಯ ಜೇಮಿಸ್ ವಿನ್‌ಸ್ಟನ್ ಮೂರು ಪಂದ್ಯಗಳ ನಿಷೇಧಕ್ಕೆ ಒಳಗಾದಾಗ 35 ವರ್ಷದ ಫಿಟ್ಜ್‌ಪ್ಯಾಟ್ರಿಕ್ ಆ ಮೂರನ್ನೂ ಆಡಿದರು. ನ್ಯೂ ಆರ್ಲಿಯನ್ಸ್‌ನಲ್ಲಿ 417 ಗಜ, 48-40ರ ಜಯ. ಹಾಲಿ ಚಾಂಪಿಯನ್ ಫಿಲಡೆಲ್ಫಿಯಾ ವಿರುದ್ಧ 402 ಗಜ. ಮೊದಲ ಎಸೆತವೇ ಡಿಶಾನ್ ಜಾಕ್ಸನ್‌ಗೆ 75 ಗಜದ ಟಚ್‌ಡೌನ್. ಪಿಟ್ಸ್‌ಬರ್ಗ್ ಎದುರು 411 ಗಜ. ಸತತ ಮೂರು ಪಂದ್ಯಗಳಲ್ಲಿ 400 ಗಜ ದಾಟಿದ ಸಾಧನೆ ಲೀಗ್‌ನ ಇತಿಹಾಸದಲ್ಲೇ ಮೊದಲನೆಯದು. ಎರಡನೆಯ ಪಂದ್ಯದ ಬಳಿಕ ಜಾಕ್ಸನ್ ಅವರ ಉಡುಪು, ಹೊಳೆಯುವ ಸರ, ತಂಪು ಕನ್ನಡಕ ಧರಿಸಿ ಪತ್ರಕರ್ತರ ಮುಂದೆ ಬಂದ ಅವರ ಚಿತ್ರ ದೇಶವನ್ನೆಲ್ಲ ಸುತ್ತಿತು. ನಾಲ್ಕನೆಯ ಪಂದ್ಯದಲ್ಲಿ ಷಿಕಾಗೊ ಎದುರು 10-48ರ ಸೋಲು ಕಾದಿತ್ತು. ವಿರಾಮದ ವೇಳೆಗೇ ಸ್ಥಾನ ಹೋಯಿತು. ಶಿಖರ ಮತ್ತು ಪ್ರಪಾತದ ನಡುವೆ ಅವರಿಗೆ ಸಿಗುತ್ತಿದ್ದ ಅಂತರ ಒಂದೇ ವಾರ.

ಮಾರ್ಗದರ್ಶಿಯ ಪರ್ವ

2019ರಲ್ಲಿ ಮಯಾಮಿ ಡಾಲ್ಫಿನ್ಸ್ ತಂಡವನ್ನು ಬುಡದಿಂದಲೇ ಮರುಕಟ್ಟುತ್ತಿತ್ತು. ಮೊದಲ ಏಳು ಪಂದ್ಯಗಳಲ್ಲೂ ಸೋಲು. ಉಳಿದ ಒಂಬತ್ತರಲ್ಲಿ ಐದನ್ನು ಗೆದ್ದಿತು. 37ರ ವಯಸ್ಸಿನ ಫಿಟ್ಜ್‌ಪ್ಯಾಟ್ರಿಕ್ ಎಸೆಯುವುದಷ್ಟೇ ಅಲ್ಲದೆ 243 ಗಜ ಓಡಿ ಇಡೀ ತಂಡದಲ್ಲಿ ಅತಿ ಹೆಚ್ಚು ದೂರ ಓಡಿದವರೂ ಆದರು. ಡಿಸೆಂಬರ್ 29ರಂದು ಪೇಟ್ರಿಯಾಟ್ಸ್‌ನ ಸ್ವಂತ ಅಂಗಣದಲ್ಲಿ, 24 ಸೆಕೆಂಡು ಉಳಿದಿರುವಾಗ ಮೈಕ್ ಗೆಸಿಕಿಗೆ ಟಚ್‌ಡೌನ್ ಎಸೆದು 27-24ರಿಂದ ಗೆಲ್ಲಿಸಿದರು. ಆ ಸೋಲಿನಿಂದ ಪೇಟ್ರಿಯಾಟ್ಸ್ ಪ್ಲೇಆಫ್‌ನ ಮೊದಲ ವಾರದ ವಿಶ್ರಾಂತಿಯನ್ನು ಕಳೆದುಕೊಂಡಿತು. ಮರುವಾರವೇ ಟೆನೆಸಿಗೆ ಸೋತಿತು. ಆ ತಂಡದ ಪರ ಟಾಮ್ ಬ್ರೇಡಿ ಆಡಿದ ಕೊನೆಯ ಪಂದ್ಯ ಅದು. ಒಂದು ಸಾಮ್ರಾಜ್ಯದ ಅಂತ್ಯಕ್ಕೆ ಸಂಚಾರಿ ಸಾರಥಿಯ ಆ ಎಸೆತವೂ ಕಾರಣವಾಯಿತು.

2020ರಲ್ಲಿ ಮೂರು ಗೆಲುವು, ಮೂರು ಸೋಲಿನ ನಂತರ, ಕೊನೆಯ ಎರಡು ಪಂದ್ಯಗಳನ್ನು ಸುಲಭವಾಗಿ ಗೆದ್ದಿದ್ದರೂ, ಸ್ಥಾನವನ್ನು ಟಗೊವೈಲೊವಾ ಅವರಿಗೆ ಬಿಟ್ಟುಕೊಡಬೇಕಾಯಿತು. ಹೃದಯ ಒಡೆದಂತಾಯಿತೆಂದು ಅವರು ಬಹಿರಂಗವಾಗಿಯೇ ಹೇಳಿಕೊಂಡರು. ಆದರೆ ಅದೇ ಯುವಕನಿಗೆ ತಮ್ಮ ಅನುಭವವನ್ನು ಧಾರೆಯೆರೆದರು. ಕರೆ ಬಂದಾಗಲೆಲ್ಲ ಸಿದ್ಧರಾಗಿದ್ದರು. ಋತುವಿನ ಕೊನೆಯ ಪಂದ್ಯದ ವಾರ ಕೋವಿಡ್ ತಗುಲಿ ಅವರು ಹೊರಗುಳಿಯಬೇಕಾಯಿತು. ಬಫಲೊ ವಿರುದ್ಧ ಮಯಾಮಿ ಹೀನಾಯವಾಗಿ ಸೋತು, ಹತ್ತು ಗೆಲುವಿದ್ದೂ ಪ್ಲೇಆಫ್ ತಪ್ಪಿಸಿಕೊಂಡಿತು. ಎರಡು ಬಾರಿ ಹತ್ತು ಗೆಲುವು, ಎರಡೂ ಬಾರಿ ಬಫಲೊ ಎದುರು ಕೊನೆಯ ಸೋಲು!

2021ರಲ್ಲಿ ಒಂಬತ್ತನೆಯ ತಂಡ ವಾಷಿಂಗ್ಟನ್ ಅವರನ್ನು ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ಆಗಿ ಬರಮಾಡಿಕೊಂಡಿತು. ಸೆಪ್ಟೆಂಬರ್ 12ರ ಮೊದಲ ಪಂದ್ಯದ ಎರಡನೆಯ ಕಾಲು ಭಾಗದಲ್ಲೇ ಸೊಂಟದ ಕೀಲಿಗೆ ತೀವ್ರ ಪೆಟ್ಟಾಯಿತು. ಮತ್ತೆ ಅವರು ಅಂಗಣಕ್ಕೆ ಇಳಿಯಲಿಲ್ಲ.

2022ರ ಜನವರಿ 15ರಂದು ಬಫಲೊದಲ್ಲಿ ಪ್ಲೇಆಫ್ ಪಂದ್ಯ. ತಾಪಮಾನ ಸೊನ್ನೆಗಿಂತ ಹತ್ತು ಡಿಗ್ರಿಗೂ ಕೆಳಗೆ. ಪೇಟ್ರಿಯಾಟ್ಸ್ ವಿರುದ್ಧ ಬಫಲೊ 47-17ರಿಂದ ವಿಜೃಂಭಿಸುತ್ತಿರುವಾಗ ಪ್ರೇಕ್ಷಕರ ನಡುವೆ ಅಂಗಿ ಕಳಚಿ ಕುಣಿಯುತ್ತಿದ್ದ ಗಡ್ಡಧಾರಿಯೊಬ್ಬರು ಕ್ಯಾಮೆರಾ ಕಣ್ಣಿಗೆ ಬಿದ್ದರು. ಒಂಬತ್ತು ವರ್ಷದ ಹಿಂದೆ ಅದೇ ತಂಡದಿಂದ ಬಿಡುಗಡೆಗೊಂಡಿದ್ದ ಫಿಟ್ಜ್‌ಪ್ಯಾಟ್ರಿಕ್! ತಮ್ಮನ್ನು ಕೈಬಿಟ್ಟ ತಂಡದ ಗೆಲುವಿಗೆ ಹೀಗೆ ಸಂಭ್ರಮಿಸಬಲ್ಲ ಹೃದಯವೈಶಾಲ್ಯ ಎಷ್ಟು ಮಂದಿಗಿದ್ದೀತು?

ಅದೇ ವರ್ಷದ ಜೂನ್‌ನಲ್ಲಿ ನಿವೃತ್ತಿಯ ಸುದ್ದಿ ಬಂದ ರೀತಿಯೂ ಅವರಿಗೆ ತಕ್ಕದ್ದೇ. ಹದಿನೇಳು ಋತುಗಳಲ್ಲಿ ತಮ್ಮೊಡನೆ ಆಡಿದ ನೂರಾರು ಆಟಗಾರರ ಹೆಸರುಗಳನ್ನು ಒಂದೇ ಚಿತ್ರದಲ್ಲಿ ಸೇರಿಸಿ, ಕೃತಜ್ಞತೆ ಸಲ್ಲಿಸಿ ಹಳೆಯ ಸಹಆಟಗಾರರಿಗೆ ಸಂದೇಶ ಕಳಿಸಿದ್ದರು. ಬಫಲೊದ ಗೆಳೆಯ ಫ್ರೆಡ್ ಜಾಕ್ಸನ್ ಅದನ್ನು ಸಾಮಾಜಿಕ ಜಾಲತಾಣದಲ್ಲಿ ಹಂಚಿಕೊಂಡಾಗ ಜಗತ್ತಿಗೆ ವಿಷಯ ತಿಳಿಯಿತು.

ಇಂದಿನ ನೆಲೆ

ಅಂಕಿಅಂಶಗಳು ಅವರ ಬಗ್ಗೆ ಮೃದುವಾಗಿಲ್ಲ. 166 ಪಂದ್ಯ, 34,990 ಗಜ, 223 ಟಚ್‌ಡೌನ್, ಎದುರಾಳಿಗಳ ಕೈಸೇರಿದ 169 ಎಸೆತ. ಆರಂಭಿಸಿದ 147 ಪಂದ್ಯಗಳಲ್ಲಿ 59 ಗೆಲುವು, 87 ಸೋಲು, ಒಂದು ಸಮಬಲ. ಆದರೆ ಎನ್‌ಎಫ್‌ಎಲ್ ಆಟಗಾರನ ಸರಾಸರಿ ವೃತ್ತಿಜೀವನ ಮೂರು ವರ್ಷಕ್ಕಿಂತ ತುಸು ಹೆಚ್ಚು ಎಂದು ಆಟಗಾರರ ಸಂಘ ಹೇಳುತ್ತ ಬಂದಿದೆ. ಆ ಅಳತೆಯಲ್ಲಿ, ಡ್ರಾಫ್ಟ್‌ನ ತುದಿಯಲ್ಲಿದ್ದವರು ಹದಿನೇಳು ಋತು ಆಡಿ, ಎಂಟು ಕೋಟಿ ಡಾಲರ್‌ಗೂ ಮಿಗಿಲಾದ ಸಂಭಾವನೆ ಗಳಿಸಿದ್ದು ಅಸಾಧಾರಣ ಸಿದ್ಧಿ. ಏಳು ಮಕ್ಕಳ ತಂದೆಯಾದ ಅವರು ಈಗ ಅಮೆಜಾನ್ ಪ್ರೈಮ್‌ನ ಗುರುವಾರ ರಾತ್ರಿಯ ಪಂದ್ಯಗಳಲ್ಲಿ ವಿಶ್ಲೇಷಕರು. ಅಲ್ಲಿ ಅವರ ಪಕ್ಕದಲ್ಲಿ ಕೂರುವವರಲ್ಲಿ ಒಬ್ಬರು ಸಿನ್ಸಿನಾಟಿಯ ದಿನಗಳ ಸಹಆಟಗಾರ ಆಂಡ್ರ್ಯೂ ವಿಟ್‌ವರ್ತ್.

ಸಂಚಾರಿಗಳ ಪರಂಪರೆಯಂತೂ ನಿಂತಿಲ್ಲ. 2008ರಲ್ಲಿ ಡ್ರಾಫ್ಟ್ ಆದ ಜೋಶ್ ಜಾನ್ಸನ್ 14 ಎನ್‌ಎಫ್‌ಎಲ್ ತಂಡಗಳನ್ನು ಸೇರಿ ದಾಖಲೆ ಬರೆದರು. 2018ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನಿಂದ ತುರ್ತು ಕರೆ ಬಂದಾಗ ಹೊಸ ಸಹಆಟಗಾರರ ಹೆಸರುಗಳನ್ನು ಅವರು ಮ್ಯಾಡನ್ ಎಂಬ ವಿಡಿಯೊ ಗೇಮ್ ಆಡಿ ಕಲಿತರು! ಕೆಲವೇ ದಿನಗಳಲ್ಲಿ ಜ್ಯಾಕ್ಸನ್‌ವಿಲ್ ವಿರುದ್ಧ 16-13ರಿಂದ ಗೆದ್ದರು. ಡ್ರಾಫ್ಟ್ ಆದ ಹತ್ತು ವರ್ಷಗಳ ಬಳಿಕ ದೊರೆತ ಮೊದಲ ಜಯ ಅದು. 2023ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ ಸೂಪರ್ ಬೌಲ್‌ಗೆ ಒಂದೇ ಹೆಜ್ಜೆ ದೂರದಲ್ಲಿದ್ದಾಗ ಬ್ರಾಕ್ ಪರ್ಡಿ ಮೊಣಕೈಗೆ ಪೆಟ್ಟು ಮಾಡಿಕೊಂಡರು. ಬದಲಿಗೆ ಬಂದ ಜಾನ್ಸನ್ ಅವರಿಗೂ ತಲೆಗೆ ಆಘಾತವಾಯಿತು. ಎಸೆಯಬಲ್ಲವರೇ ಇಲ್ಲದೆ ತಂಡ 7-31ರಿಂದ ಸೋತಿತು. ಆ ಘಟನೆಯ ಬೆನ್ನಿಗೆ, ಪ್ರತಿ ತಂಡವೂ ತುರ್ತು ಸಂದರ್ಭಕ್ಕೆಂದು ಮೂರನೆಯ ಕ್ವಾರ್ಟರ್‌ಬ್ಯಾಕ್ ಒಬ್ಬರನ್ನು ಹೆಚ್ಚುವರಿಯಾಗಿ ಸಜ್ಜಾಗಿರಿಸಿಕೊಳ್ಳಲು ಲೀಗ್ ಅನುಮತಿ ನೀಡಿತು. ಅದೇ ವರ್ಷದ ನವೆಂಬರ್‌ನಲ್ಲಿ, ಯಾವ ತಂಡವೂ ಇಲ್ಲದೆ ಮನೆಯಲ್ಲಿದ್ದ 38ರ ಜೋ ಫ್ಲಾಕೊ ಕ್ಲೀವ್‌ಲ್ಯಾಂಡ್‌ಗೆ ಬಂದು, ತಂಡವನ್ನು ಪ್ಲೇಆಫ್‌ಗೆ ಮುನ್ನಡೆಸಿದರು. 2015ರಲ್ಲಿ ದವಡೆ ಮುರಿದುಕೊಂಡು ಸ್ಥಾನ ಕಳೆದುಕೊಂಡ ಜೀನೊ ಸ್ಮಿತ್ ಕೂಡ ತಂಡದಿಂದ ತಂಡಕ್ಕೆ ಸಾಗಿ, 2022ರಲ್ಲಿ ಸಿಯಾಟಲ್‌ನಲ್ಲಿ ಮರಳಿ ಅರಳಿದರು.

ಒಹಾಯೊದ ಕ್ಯಾಂಟನ್‌ನಲ್ಲಿ ಫುಟ್‌ಬಾಲ್‌ನ ಕೀರ್ತಿಭವನವಿದೆ. ಮಹಾನ್ ಆಟಗಾರರ ಕಂಚಿನ ಅರ್ಧಪ್ರತಿಮೆಗಳು ಅಲ್ಲಿ ಸಾಲಾಗಿ ನಿಂತಿವೆ. ಕಿರೀಟಗಳನ್ನು ಎಣಿಸುವ ಆ ಸಭಾಂಗಣದಲ್ಲಿ ಫಿಟ್ಜ್‌ಪ್ಯಾಟ್ರಿಕ್ ಅವರಿಗೆ ಸ್ಥಾನ ದೊರೆಯುವುದು ಕಷ್ಟ. ಆದರೆ 32 ತಂಡಗಳ ಈ ಮಹಾವ್ಯವಸ್ಥೆ ಪ್ರತಿ ವಾರ ನಿಲ್ಲದೆ ನಡೆಯುವುದು, ಕರೆ ಬಂದೀತೆಂಬ ಖಾತ್ರಿಯಿಲ್ಲದೆಯೂ ಪ್ರತಿದಿನ ಸಿದ್ಧರಾಗುವ ಇಂಥವರಿಂದ. ಒಂದೇ ತಂಡಕ್ಕೆ ನಿಷ್ಠರಾಗಿರುವ ಅವಕಾಶವನ್ನು ವೃತ್ತಿ ಅವರಿಗೆ ಕೊಡಲಿಲ್ಲ; ಅವರು ವೃತ್ತಿಗೇ ನಿಷ್ಠರಾದರು. ಒಂಬತ್ತು ಊರುಗಳ ಅಭಿಮಾನಿಗಳು ಒಬ್ಬನೇ ಆಟಗಾರನನ್ನು ತಮ್ಮವನೆಂದು ಹೇಳಿಕೊಳ್ಳುವಂಥ ಗೌರವವನ್ನು ಯಾವ ಸೂಪರ್ ಬೌಲ್ ಉಂಗುರವೂ ತಂದುಕೊಡಲಾರದು.